ಇಲ್ಲದ ಇಪ್ಪತ್ತೇಳನೇ ಪಾತಿ

"ಈ ಹೂವಿನ ಮುಂದೆ ನಿಂತು ಯಾರೂ ಸುಳ್ಳು ಹೇಳ್ಬಾರ್ದು. ಹೇಳಿದ್ರೆ ಗಂಡ ಎರಡನೇ ಮದುವೆ ಮಾಡ್ಕೋತಾನೆ," ಎಂದ ಮಾಂಗ್ ಉಕಾ.

ಬಾಂದುಂಗ್ ಕಡೆಯಿಂದ ಬಂದಿದ್ದ ಹನ್ನೆರಡು ಹೆಂಗಸರು ಒಟ್ಟಿಗೆ ನಕ್ಕರು. "ನಮ್ಮೋನು ಆಗ್ಲೇ ಮಾಡ್ಕೊಂಡಿದಾನೆ ಮಾಂಗ್. ಇನ್ನು ಎಷ್ಟು ಬೇಕಾದ್ರೂ ಸುಳ್ಳು ಹೇಳ್ಬಹುದು ಬಿಡು," ಎಂದಳು ಹಸಿರು ಛತ್ರಿಯವಳು. ನಗು ಇನ್ನೊಂದು ಸುತ್ತು ಬಂತು.

ಗುಂಪಿನ ಹಿಂದೆ ನಿಂತಿದ್ದ ಹದಿಮೂರನೆಯವಳು ಮಾತ್ರ ನಗಲಿಲ್ಲ. ಇನ್ಸ್‌ಪೆಕ್ಟರ್ ಇಮಾಸ್ ಆ ಭಾನುವಾರ ಸಮವಸ್ತ್ರ ಮನೆಯಲ್ಲಿ ಬಿಟ್ಟು, ಎಲ್ಲರಂತೆ ಟಿಕೆಟ್ ತೆಗೆದುಕೊಂಡು, ಚಿಕೆಂಬಾಂಗ್ ಸಸ್ಯತೋಟದ ಚರಿತ್ರೆ ಕೇಳಲು ಬಂದಿದ್ದಳು. ಅವಳ ಕೈಚೀಲದಲ್ಲಿ ಅಂಗೈಯಷ್ಟು ಅಗಲದ ಒಂದು ತಗಡಿನ ಹಲಗೆಯಿತ್ತು. ಗಿಡಗಳ ಬುಡದಲ್ಲಿ ಚುಚ್ಚುವಂಥದು. ಅದರ ಮೇಲೆ ಗಿಡದ ಹೆಸರಿರಲಿಲ್ಲ. 'ಹನ್ನೊಂದು-ಬಿ-ಇಪ್ಪತ್ತೇಳು' ಎಂಬ ಅಂಕಿಗಳಷ್ಟೇ ಇದ್ದವು.

ಅದು ಸಿಕ್ಕಿದ್ದು ಸತ್ತವನ ಜೇಬಿನಲ್ಲಿ.

ಕಳೆದ ವಾರ ತೋಟದಲ್ಲಿ ಹೆಣದ ಹೂ ಅರಳಿತ್ತು. ಆಳೆತ್ತರದ ಆ ಹೂವನ್ನೂ ಅದರ ನಾತವನ್ನೂ ನೋಡಲು ಜನ ಮೂಗು ಹಿಡಿದು ಸಾಲುಗಟ್ಟಿದರು. ಅಲ್ಲಿ ಇರುವುದು ಒಂದು ನಾತವಲ್ಲ, ಎರಡು ಎಂದು ಬುಧವಾರ ಮಧ್ಯಾಹ್ನದವರೆಗೆ ಯಾರಿಗೂ ಹೊಳೆಯಲಿಲ್ಲ. ಹೂವಿನ ಬೇಲಿಯ ಹಿಂದೆ, ಜರೀಗಿಡಗಳ ಮರೆಯ ಬೆಂಚಿನ ಮೇಲೆ, ತೋಟದ ನಿವೃತ್ತ ಮೇಲ್ವಿಚಾರಕ ರಾದೆನ್ ದನು ಸತ್ತು ಕೂತಿದ್ದ. ಪಕ್ಕದಲ್ಲಿ ಶುಂಠಿ ಕಷಾಯದ ಫ್ಲಾಸ್ಕು. ಕಷಾಯದಲ್ಲಿ ಉಮ್ಮತ್ತಿ ಬೀಜದ ವಿಷ.

ಈಗ ಮಾಂಗ್ ಉಕಾ ಆ ದನುವಿನ ಹೆಸರಿನ ಇನ್ನೊಂದು ಹೂವಿನ ಮುಂದೆ ನಿಂತಿದ್ದ. ಬಿಳಿಯ ಎಸಳು, ನಡುವೆ ಕಡುಗಪ್ಪು ನಾಲಗೆ. ತೋಟದ ಟಿಕೆಟ್ಟಿನ ಮೇಲೂ ಊರಿನ ಬಸ್ಸುಗಳ ಮೇಲೂ ಇದೇ ಆರ್ಕಿಡ್ಡಿನ ಚಿತ್ರ.

"ಇದಕ್ಕೆ ನಮ್ಮ ರಾದೆನ್ ದನು ಅವರ ಹೆಸರು. ಹನ್ನೊಂದು ವರ್ಷ ಮಗುವಿನ ಹಾಗೆ ಸಾಕಿದ್ರು. ನಲವತ್ತೆಂಟನೇ ಇಸವಿ. ಡಚ್ ಸಿಪಾಯಿಗಳು ಇನ್ನೂ ಊರಲ್ಲಿದ್ದ ಕಾಲ. ಆಗ ಅರ್ಸಿಮ್ ಅಂತ ಒಬ್ಬ ಮೇಸ್ತ್ರಿ ಇದ್ದ ಇಲ್ಲಿ. ಒಂದು ದಿನ ಗಿಡಗಳನ್ನೆಲ್ಲ ಗೋಣಿಗೆ ತುಂಬ್ಕೊಂಡು ಪರಾರಿ. ಹೆಂಡತಿ ಮಗಳನ್ನೂ ಬಿಟ್ಟು. ಒಂದೇ ಒಂದು ಗಿಡ ಉಳೀತು. ನೀವು ನೋಡ್ತಿರೋದು ಅದರ ಮರಿಮಕ್ಕಳನ್ನ."

"ಆಮೇಲೆ ಸಿಕ್ಕಿದ್ನಾ ಕಳ್ಳ?"

"ಎಲ್ಲಿ ಸಿಗ್ತಾನೆ? ಇವತ್ತಿಗೂ ನಮ್ಮೂರಲ್ಲಿ ಯಾರಾದ್ರೂ ಏನಾದ್ರೂ ಎತ್ಕೊಂಡ್ರೆ 'ಅರ್ಸಿಮ್ ಕೈ' ಅಂತೀವಿ. ಮೀನು ಕದ್ದ ಬೆಕ್ಕಿಗೂ ಅದೇ ಹೆಸರು."

ಹೆಂಗಸರು ಮತ್ತೆ ನಕ್ಕರು. ಆಗ ದಾರಿಯ ಪಕ್ಕದ ಹಂಚಿನ ಕೊಠಡಿಯ ಕಿಟಕಿಬಾಗಿಲು ಮುಚ್ಚಿಕೊಂಡದ್ದನ್ನು ಇಮಾಸ್ ಕಂಡಳು. ದಡಾರನೆ ಅಲ್ಲ. ಮೆಲ್ಲಗೆ, ಪ್ರತಿ ಭಾನುವಾರ ಮುಚ್ಚಿ ರೂಢಿಯಿರುವ ಕೈ ಮುಚ್ಚುವ ಹಾಗೆ.

"ಮಾಂಗ್, ಈ ಹನ್ನೊಂದು-ಬಿ ಭಾಗದಲ್ಲಿ ಒಟ್ಟು ಎಷ್ಟು ಪಾತಿ ಇವೆ?" ಎಂದು ಕೇಳಿದಳು ಇಮಾಸ್.

"ಇಪ್ಪತ್ತಾರು."

"ಇಪ್ಪತ್ತೇಳು?"

ಉಕಾನ ಮುಖದ ಮೇಲಿನ ನಗು ಹಾಗೇ ಇತ್ತು, ಕಣ್ಣಿನಲ್ಲಿದ್ದದ್ದು ಮಾತ್ರ ಆರಿತು. "ಊಟದ ಹೊತ್ತಾಯ್ತು ತಾಯಂದಿರಾ. ದೊಡ್ಡ ಮರದ ಕೆಳಗೆ ಚಾಪೆ ಹಾಸಿದೀವಿ, ಬನ್ನಿ," ಎಂದು ಗುಂಪನ್ನು ತಿರುಗಿಸಿಕೊಂಡು ಹೊರಟ.

*

ಹೆಂಗಸರು ಬಾಳೆಲೆಯ ಅನ್ನದ ಪೊಟ್ಟಣ ಬಿಚ್ಚಿ, ಉಪ್ಪುಮೀನು, ಹಸಿ ಸೊಪ್ಪು, ಖಾರದ ಸಾಂಬಲ್ ಹಂಚಿಕೊಳ್ಳುತ್ತಿದ್ದರು. ಇಮಾಸ್ ಉಕಾನನ್ನು ಕೈಹಿಡಿದು ಎಳೆಯದಿದ್ದರೂ ಎಳೆದಂತೆಯೇ ಪಕ್ಕಕ್ಕೆ ಕರೆದೊಯ್ದಳು. ತನ್ನ ಗುರುತಿನ ಚೀಟಿ ತೋರಿಸಿದಳು. ಮಾಂಗ್ ಅಂದರೆ ಚಿಕ್ಕಪ್ಪ. ಊರಿಗೆಲ್ಲ ಚಿಕ್ಕಪ್ಪನಾದ ಉಕಾಗೆ ಅರವತ್ತು ದಾಟಿತ್ತು. ಚೀಟಿ ನೋಡಿ ಅವನು ಹೆಗಲ ಮೇಲಿನ ವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಅಲ್ಲಿಂದ ಮುಂದೆ ಅವಳು ಅವನಿಗೆ 'ಬು', ಅಂದರೆ ಅಮ್ಮ.

"ಡಚ್ಚರ ನಕ್ಷೆಯಲ್ಲಿ ಇಪ್ಪತ್ತೇಳು ಇತ್ತು ಬು. ಆರ್ಕಿಡ್ ಚಪ್ಪರ ಇದ್ದ ಜಾಗ. ಚಪ್ಪರ ಕಿತ್ತು ಹುಲ್ಲು ಹಾಕಿದ್ಮೇಲೆ ನಂಬರೂ ಹೋಯ್ತು."

"ತೋರಿಸಿ."

ಹುಲ್ಲಿನ ಇಳಿಜಾರಿನ ಕೊನೆಯಲ್ಲಿ, ಮೊಣಕಾಲೆತ್ತರದ ಒಂದು ದಿಬ್ಬ. ಅದರ ನಾಲ್ಕು ಮೂಲೆಗೆ ನಾಲ್ಕು ಹಂಜುವಾಂಗ್ ಗಿಡಗಳು, ರಕ್ತ ಹೆಪ್ಪುಗಟ್ಟಿದ ಬಣ್ಣದ ಉದ್ದ ಎಲೆಯವು. ಅವುಗಳ ಬುಡದಲ್ಲಿ ಯಾವ ಹಲಗೆಯೂ ಇರಲಿಲ್ಲ. ಆದರೆ ಮಣ್ಣು ಒದ್ದೆಯಾಗಿತ್ತು, ಒಂದು ಕಳೆಯೂ ಇರಲಿಲ್ಲ.

ಇಮಾಸ್ ಬೆಟ್ಟದ ಹಳ್ಳಿಯ ಹೆಣ್ಣು. ಅವಳ ಅಜ್ಜಿಯ ಗೋರಿಯಲ್ಲಿ ತಲೆಯ ಕಡೆಗೂ ಕಾಲಿನ ಕಡೆಗೂ ಅವಳ ತಂದೆ ನೆಟ್ಟದ್ದು ಇದೇ ಗಿಡ. ಹೊಲದ ಗಡಿಗೆ ಒಂದು ಸಾಲು ನೆಡುತ್ತಾರೆ, ಅಂಗಳದ ಬದಿಗೆ ಒಂದೋ ಎರಡೋ ನೆಡುತ್ತಾರೆ. ಆರಡಿ ಉದ್ದ ಮೂರಡಿ ಅಗಲ ಅಳೆದು ನಾಲ್ಕು ಮೂಲೆಗೆ ನೆಡುವುದು ಒಂದೇ ಕಾರಣಕ್ಕೆ.

"ನಲವತ್ತು ವರ್ಷದಿಂದ ಇದು ನಿಮ್ಮ ಕಣ್ಣಿಗೆ ಬೀಳ್ಲೇ ಇಲ್ವಾ ಮಾಂಗ್?"

"ಬಿದ್ದಿದೆ ಬು. ತೋಟದ ಎಲ್ಲರ ಕಣ್ಣಿಗೂ ಬಿದ್ದಿದೆ. ಕೇಳಿದೋರು ಮಾತ್ರ ನೀವೇ ಮೊದಲು."

"ನೀರು ಹಾಕೋರು ಯಾರು?"

ಉಕಾನ ನೋಟ ಇಳಿಜಾರಿನ ಮೇಲಿನ ಹಂಚಿನ ಕೊಠಡಿಯ ಕಡೆಗೆ ಹೋಗಿ ಬಂತು.

*

"ಬಾಗಿಲು ತೆಗೆದೇ ಇದೆ ಬು. ಬುಧವಾರದಿಂದ ನಿಮ್ಮನ್ನೇ ಕಾಯ್ತಿದೀನಿ."

ಹಲಗೆ ಬರೆಯುವ ರೋಹೆತಿಗೆ ಐವತ್ತು ವರ್ಷ. ಕನ್ನಡಕದ ಮುರಿದ ಕಾಲಿಗೆ ದಾರ ಕಟ್ಟಿದ್ದಳು. ಮುಂದಿನ ಮೇಜಿನ ಮೇಲೆ ಕಪ್ಪು ಬಣ್ಣ ಬಳಿದ ತಗಡುಗಳು ಒಣಗುತ್ತಿದ್ದವು. ಸಣ್ಣ ಕುಂಚದಿಂದ ಅವಳು ಬಿಳಿಯ ಅಕ್ಷರವೊಂದರ ಬಾಲವನ್ನು ಎಳೆದು ಮುಗಿಸಿದ ಮೇಲೆಯೇ ತಲೆಯೆತ್ತಿದಳು.

ಇಮಾಸ್ ಜೇಬಿನಲ್ಲಿ ಸಿಕ್ಕ ಹಲಗೆಯನ್ನು ಮೇಜಿನ ಮೇಲಿಟ್ಟಳು. "ಇದು ನಿಮ್ಮದಾ ತೆತೆ?" ಅಕ್ಕ ಎಂದು ಕರೆಯುವ ವಯಸ್ಸಿನವಳು, ಹಾಗೆಯೇ ಕರೆದಳು.

ರೋಹೆತಿ ಅದನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದಳು. ಏಳರ ಅಂಕಿಯ ನಡುವಿಗೆ ಒಂದು ಸಣ್ಣ ಅಡ್ಡ ಗೀಟಿತ್ತು. ಅವಳ ನೋಟ ಅಲ್ಲಿ ಒಂದು ಗಳಿಗೆ ಹೆಚ್ಚಾಗಿಯೇ ನಿಂತಿತು.

"ತಗಡು ನಮ್ಮದು. ಬಣ್ಣ ನಮ್ಮದು. ಕೈ ನನ್ನದಲ್ಲ."

"ಮತ್ತೆ ಯಾರದು?"

"ಯಾರದೋ."

"ಇಪ್ಪತ್ತೇಳನೇ ಪಾತೀಲಿ ಯಾರು ಮಲಗಿದಾರೆ?"

ಇದಕ್ಕೆ ಅವಳು ತಡಮಾಡಲಿಲ್ಲ. "ನಮ್ಮಪ್ಪ."

ಹೊರಗೆ ಹೆಂಗಸರ ನಗು ಕೇಳಿಬರುತ್ತಿತ್ತು. ರೋಹೆತಿ ಕುಂಚವನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿ ತೊಳೆಯತೊಡಗಿದಳು.

"ಅರ್ಸಿಮ್ ಕೈ ಅಂದ್ನಲ್ಲ ಉಕಾ, ಆ ಅರ್ಸಿಮ್ ಮಗಳು ನಾನು. ಒಂಬತ್ತು ವರ್ಷ ನನಗೆ ಆಗ. ಅಪ್ಪ ಮನೆಗೆ ಬರ್ಲಿಲ್ಲ. ಮೂರನೇ ದಿನ ಈ ದನು ನಮ್ಮನೆ ಹಿತ್ತಲಿಗೆ ಬಂದು ಅಮ್ಮನ ಕಿವೀಲಿ ಹೇಳ್ದ. ಹೋರಾಟದ ಹುಡುಗರಿಗೆ ಅನ್ನ ಹಾಕ್ತಿದ್ದ ಅಂತ ಯಾರೋ ಸಿಪಾಯಿಗಳಿಗೆ ಸುಳಿವು ಕೊಟ್ರು, ನಿನ್ನ ಗಂಡನ್ನ ಚಪ್ಪರದಲ್ಲೇ ಹೊಡೆದುಹಾಕಿದ್ರು, ಅಲ್ಲೇ ಹೂತಿದಾರೆ. ಜೋರಾಗಿ ಅತ್ತೀಯಾ, ನಿನಗೂ ಮಗಳಿಗೂ ಅದೇ ಗತಿ. ಊರಿಗೆ ಮಾತ್ರ ಕದ್ದು ಓಡಿಹೋದ ಅಂತ ಹೇಳೋಣ, ನಿಮಗೇ ಕ್ಷೇಮ. ಹಾಗಂದ."

"ಸುಳಿವು ಕೊಟ್ಟೋನು ದನೂನೇ ಅಂತ ನಿಮಗೆ ಯಾರು ಹೇಳಿದ್ರು?"

"ಯಾಕೆ ಹೇಳ್ಬೇಕು? ಆ ಹೂ ಹುಟ್ಟಿದ್ದು ನಮ್ಮಪ್ಪನ ಕೈಯಲ್ಲಿ ಬು. ಮೊದಲ ಮೊಗ್ಗು ಒಡೆದ ದಿನ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದ್ದ. ಅಪ್ಪ ಹೋಗಿ ವರ್ಷ ತುಂಬೋದ್ರೊಳಗೆ ಆ ಹೂವಿಗೆ ದನು ಹೆಸರು ಬಂತು, ದನುಗೆ ಮೇಲ್ವಿಚಾರಕನ ಕುರ್ಚಿ ಬಂತು. ಮನೆ ಸುಟ್ಟಾಗ ಯಾರು ಚಳಿ ಕಾಯಿಸಿಕೊಂಡ ಅಂತ ನೋಡಿದ್ರೆ ಸಾಲ್ದಾ?"

ಅವಳು ಕುಂಚವನ್ನು ಬಟ್ಟೆಗೆ ಒತ್ತಿ ಒರೆಸಿದಳು, ಕೂದಲು ಕೂದಲು ಬಿಡಿಸಿ.

"ಅಮ್ಮ ಸಾಯೋವಾಗ ಗಿಡಗಳನ್ನ ನನಗೆ ಒಪ್ಪಿಸಿ ಹೋದ್ಲು. ಅದಕ್ಕೇ ಈ ಕೆಲಸಕ್ಕೆ ಸೇರಿದೆ. ಮೂವತ್ತೊಂದು ವರ್ಷ ಆ ಹೂವಿನ ಹಲಗೆ ಬರೆದದ್ದು ನಾನು. ಮಳೆಗೆ ಬಿಸಿಲಿಗೆ ಅಳಿಸಿದಾಗೆಲ್ಲ ಅವನ ಹೆಸರನ್ನ ಈ ಕೈಯಿಂದಲೇ ತಿದ್ದಿದೀನಿ. ಅವನು ಬಂದು ಹಿಂದೆ ನಿಂತ್ಕೊಂಡು, 'ದ' ಸ್ವಲ್ಪ ದಪ್ಪ ಆಗ್ಲಿ ರೋಹೆತಿ ಅಂತಿದ್ದ. ದಪ್ಪ ಮಾಡ್ತಿದ್ದೆ."

"ಅವನನ್ನ ಕೊಂದಿದ್ದು ನೀವೇ?"

"ಆಸೆ ಇತ್ತು."

ರೋಹೆತಿ ಮೇಜಿನ ಖಾನೆ ಎಳೆದು, ಕಸಿ ಮಾಡುವ ಬಾಗಿದ ಚೂರಿಯೊಂದನ್ನು ತೆಗೆದು ಇಮಾಸಳ ಮುಂದಿಟ್ಟಳು. ಬಟ್ಟೆಯಲ್ಲಿ ಸುತ್ತಿ, ಎಣ್ಣೆ ಹಚ್ಚಿ ಇಟ್ಟದ್ದು.

"ಮಂಗಳವಾರ ಬೆಳಿಗ್ಗೆ, ಗೇಟು ತೆಗೆಯೋ ಮೊದಲೇ ಇದನ್ನ ಸೊಂಟದಲ್ಲಿ ಇಟ್ಕೊಂಡು ಹೋದೆ. ಹೆಣದ ಹೂ ಅರಳಿದೆ, ಮುದುಕ ನೋಡೋಕೆ ಬಂದೇ ಬರ್ತಾನೆ ಅಂತ ಗೊತ್ತಿತ್ತು. ಆ ಬೆಂಚಲ್ಲೇ ಕೂತಿದ್ದ. ಹಿಂದಿನ ಸಂಜೇನೇ ಬಂದಿದ್ದ ಅಂತ ಕಾಣತ್ತೆ. ಮುಟ್ಟಿದ್ರೆ ತಣ್ಣಗೆ."

"ಸತ್ತಿದ್ದ?"

"ಸತ್ತಿದ್ದ. ಕಣ್ಣು ಬಿಟ್ಕೊಂಡು." ಅವಳ ದನಿ ಮೊದಲ ಬಾರಿ ಒಡೆಯಿತು. ದುಃಖದಿಂದಲ್ಲ ಎಂದು ಇಮಾಸಳಿಗೆ ತಿಳಿಯಿತು. "ಅವನಿಗೆ ಏನೇನು ಹೇಳ್ಬೇಕು ಅಂತ ನಲವತ್ತೊಂದು ವರ್ಷ ಮಾತು ಜೋಡಿಸಿಟ್ಟಿದ್ದೆ ಬು. ದಿನಾ ಮಲಗೋ ಮುಂಚೆ ಒಂದ್ಸಲ ಹೇಳ್ಕೋತಿದ್ದೆ, ಮರೆತುಹೋಗಬಾರ್ದು ಅಂತ. ಕೇಳೋಕೆ ಅವನೇ ಇಲ್ಲ. ಯಾರೋ ನನ್ನ ಬಾಯಿಂದ ತುತ್ತು ಕಿತ್ಕೊಂಡ್ರು."

"ಯಾರಿಗೂ ಹೇಳ್ಲಿಲ್ಲ ಯಾಕೆ?"

"ನಾತ ಬರ್ಲಿ ಅಂತ. ರಾದೆನ್ ದನು ಹತ್ತಿರ ಊರೆಲ್ಲ ಮೂಗು ಮುಚ್ಕೊಂಡು ನಿಲ್ಲಲಿ ಅಂತ. ಎರಡು ದಿನ ಈ ಕಿಟಕೀಲಿ ಕೂತು ನೋಡ್ದೆ. ನನಗೆ ಸಿಕ್ಕಿದ್ದು ಅಷ್ಟೇ."

ಇಮಾಸ್ ಚೂರಿಯನ್ನು ಚೀಲಕ್ಕೆ ಹಾಕಿಕೊಂಡಳು. ನಿಯಮದ ಪ್ರಕಾರ ಅವಳು ಈ ಹೆಂಗಸನ್ನು ಜೀಪಿಗೆ ಹತ್ತಿಸಬೇಕಿತ್ತು.

"ನಿಮಗೆ ಯಾರ ಮೇಲಾದ್ರೂ ಹಗೆ ಇದೆಯಾ ಬು?" ಎಂದು ರೋಹೆತಿ ಸಹಜವಾಗಿ, ಮಕ್ಕಳೆಷ್ಟು ಎಂದು ಕೇಳುವಂತೆ ಕೇಳಿದಳು.

ಇಮಾಸಳ ಅಣ್ಣನನ್ನು ಸೈಕಲ್ಲಿನ ಸಮೇತ ಅರೆದುಹಾಕಿದ ಲಾರಿಯ ಧಣಿ ಇವತ್ತಿಗೂ ಪೇಟೆಬೀದಿಯಲ್ಲಿ ಹಲ್ಲುಕಡ್ಡಿ ಕಚ್ಚಿಕೊಂಡು ಕೂತಿರುತ್ತಾನೆ. ಹತ್ತೊಂಬತ್ತು ವರ್ಷವಾಯಿತು. ಠಾಣೆಗೆ ಬೇರೆ ದಾರಿ ಇದ್ದರೂ ಅವಳು ದಿನವೂ ಅವನ ಅಂಗಡಿಯ ಮುಂದೆಯೇ ಹಾದುಹೋಗುತ್ತಾಳೆ. ಅವನು ನಮಸ್ಕಾರ ಮಾಡುತ್ತಾನೆ. ಅವಳೂ ಮಾಡುತ್ತಾಳೆ.

"ನಾಳೆ ಬೆಳಿಗ್ಗೆ ಏಳಕ್ಕೆ ಅಗೆಸ್ತೀನಿ. ನೀವಿರ್ಬೇಕು," ಎಂದಳು. "ಊರು ಬಿಟ್ಟು ಎಲ್ಲೂ ಹೋಗಬಾರ್ದು."

"ಅಪ್ಪನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಬಿಳಿ ಬಟ್ಟೆ ತರ್ತೀನಿ."

*

ಸೋಮವಾರ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಮಸೀದಿಯ ಹಿರಿಯರು ಪ್ರಾರ್ಥನೆ ಹೇಳಿದರು. ಇಬ್ಬರು ಆಳುಗಳು ಹಂಜುವಾಂಗ್ ಗಿಡಗಳನ್ನು ಬೇರು ಸಮೇತ ಎತ್ತಿ ಪಕ್ಕಕ್ಕಿಟ್ಟು ಅಗೆಯತೊಡಗಿದರು. ಮಡಿಸಿದ ಬಿಳಿಯ ಬಟ್ಟೆಯನ್ನು ಎದೆಗೆ ಅವಚಿಕೊಂಡು ರೋಹೆತಿ ತಲೆಯ ಕಡೆ ನಿಂತಿದ್ದಳು. ಸೆರಗಿನಂತೆ ಹೊದ್ದ ವಸ್ತ್ರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

ಸೊಂಟದಾಳದಲ್ಲಿ ಗುದ್ದಲಿಯ ಸದ್ದು ಬದಲಾಯಿತು.

ಜಿಲ್ಲಾ ಆಸ್ಪತ್ರೆಯ ವೈದ್ಯ ಗುಂಡಿಗಿಳಿದು ಕೈಯಿಂದಲೇ ಮಣ್ಣು ಸರಿಸಿದ. ಪಕ್ಕೆಲುಬು, ತೋಳು, ತುಕ್ಕು ಹಿಡಿದ ಬೆಲ್ಟಿನ ಕೊಂಡಿ. ಎಡಗಾಲಿನ ಮೂಳೆಗೆ ಸುತ್ತಿದ್ದ ಹಳೆಯ ಪಟ್ಟಿಯ ಚೂರು. ಕೊನೆಗೆ ತಲೆಬುರುಡೆ. ಅವನು ದವಡೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ನಿಮ್ಮ ತಂದೆಗೆ ಆಗ ಎಷ್ಟು ವಯಸ್ಸಮ್ಮ?"

"ಮೂವತ್ತೊಂಬತ್ತು."

ವೈದ್ಯ ಇಮಾಸಳ ಕಡೆ ನೋಡಿದ, ಮತ್ತೆ ರೋಹೆತಿಯ ಕಡೆ. "ಇವನಿಗೆ ಹಿಂದಿನ ದವಡೆಹಲ್ಲು ಇನ್ನೂ ಹೊರಟೇ ಇಲ್ಲ. ಮೂಳೆಯ ತುದಿಗಳೂ ಕೂಡಿಕೊಂಡಿಲ್ಲ. ಹದಿನೇಳು, ಹೆಚ್ಚಂದ್ರೆ ಹದಿನೆಂಟು. ಇದು ನಿಮ್ಮ ತಂದೆ ಅಲ್ಲ."

ಆಳುಗಳು ಗುದ್ದಲಿಗೆ ಒರಗಿ ನಿಂತರು.

ರೋಹೆತಿಯ ಮುಖದಲ್ಲಿ ಏನೂ ಕದಲಲಿಲ್ಲ. ನಲವತ್ತೊಂದು ವರ್ಷ ಹೂ ಏರಿಸಿ, ನೀರೆರೆದು, ರಂಜಾನಿನ ಮುಂಚೆ ಪ್ರತಿ ವರ್ಷ ಗುಟ್ಟಾಗಿ ಸುಗಂಧದ ಎಸಳು ಚೆಲ್ಲಿದ ಗೋರಿಯನ್ನು ಅವಳು ಪರರ ಮನೆಯ ಅಂಗಳ ನೋಡುವಂತೆ ನೋಡಿದಳು. ಆಮೇಲೆ ಗುಂಡಿಯ ಅಂಚಿಗೆ ಬಂದು, ಬಿಳಿಯ ಬಟ್ಟೆಯನ್ನು ವೈದ್ಯನ ಕೈಗೆ ಕೊಟ್ಟಳು.

"ಯಾರ ಮಗನೋ. ಇದನ್ನೇ ಹೊದಿಸಿ."

ಇಮಾಸ್ ಉಕಾನನ್ನು ಕರೆದಳು. "ಜಾಗ ತಪ್ಪಿರಬಹುದು. ಡಚ್ಚರ ಕಾಲದ ನಕ್ಷೆ ಅಂದ್ರಲ್ಲ, ಅದನ್ನ ತನ್ನಿ."

ಕಚೇರಿಯ ಗೋಡೆಯಲ್ಲಿ ತೂಗುಹಾಕಿದ್ದ ನಕ್ಷೆಯನ್ನು ಉಕಾ ಕಟ್ಟಿನ ಸಮೇತ ಹೊತ್ತು ತಂದ. ಇಬ್ಬರೂ ಹುಲ್ಲಿನ ಮೇಲೆ ಮಂಡಿಯೂರಿ ಕೂತರು. ಜಾಗ ತಪ್ಪಿರಲಿಲ್ಲ. ಹನ್ನೊಂದು-ಬಿ ಭಾಗದ ಕೊನೆಯಲ್ಲಿ, ಚಪ್ಪರದ ಚಿತ್ರದ ಪಕ್ಕ, ಮಾಸಿದ ಶಾಯಿಯಲ್ಲಿ ಇಪ್ಪತ್ತೇಳು.

ಆ ಏಳರ ನಡುವಿಗೆ ಒಂದು ಅಡ್ಡ ಗೀಟು.

ಇಮಾಸ್ ಬೆರಳನ್ನು ಮೇಲಕ್ಕೆ ಸರಿಸಿದಳು. ಹದಿನೇಳಕ್ಕೂ ಗೀಟು. ಏಳಕ್ಕೂ ಗೀಟು. ನಕ್ಷೆಯ ತುಂಬ ಏಳುಗಳೆಲ್ಲ ಸೊಂಟಕ್ಕೆ ಪಟ್ಟಿ ಕಟ್ಟಿ ನಿಂತಿದ್ದವು. ಅವಳು ಚೀಲದಿಂದ ತಗಡನ್ನು ತೆಗೆದು ಪಕ್ಕದಲ್ಲಿಟ್ಟಳು. ಅದೇ ಓರೆ, ಅದೇ ಗೀಟು, ಅದೇ ಕೈ. ಶಾಯಿಯ ಕೈ ಗಟ್ಟಿಯಾಗಿತ್ತು, ಬಣ್ಣದ ಕೈ ನಡುಗಿತ್ತು. ನಡುವೆ ಸರಿದುಹೋದ ವರ್ಷಗಳಷ್ಟೇ ವ್ಯತ್ಯಾಸ.

"ಈ ನಕ್ಷೆ ಬರೆದೋರು ಯಾರು ಮಾಂಗ್?"

"ಅಬಾ ಸುಕಂದಾ, ಊರಿಗೇ ಹಿರಿಯಜ್ಜ. ಡಚ್ಚರ ಶಾಲೇಲಿ ಓದಿದೋರು. ಆಮೇಲೆ ನಮ್ಮ ತೋಟದ ಹಲಗೆಗಳನ್ನೂ ಅವರೇ ಬರೀತಿದ್ರು. ರೋಹೆತಿಗೆ ಕುಂಚ ಹಿಡಿಯೋದು ಕಲಿಸಿದ್ದೇ ಅವರಲ್ವಾ?"

ಹಾಗಾದರೆ ನಿನ್ನೆಯೇ ಅವಳಿಗೆ ಗೊತ್ತಾಗಿತ್ತು. ಗುರುವಿನ ಏಳನ್ನು ಶಿಷ್ಯೆ ಗುರುತಿಸದೆ ಇರುತ್ತಾಳೆಯೇ? ಗೊತ್ತಿದ್ದೂ ಬಾಯಿಬಿಡದೆ, ತಂದೆಯ ಮೂಳೆಗಳನ್ನು ನೋಡುವುದಕ್ಕಾಗಿ ಒಂದು ರಾತ್ರಿ ತಡೆದುಕೊಂಡಿದ್ದಳು.

ಇಮಾಸ್ ಥಟ್ಟನೆ ತಿರುಗಿದಳು. ಗುಂಡಿಯ ತಲೆಯ ಕಡೆ ಯಾರೂ ಇರಲಿಲ್ಲ.

"ಆಗಲೇ ಹೋದ್ಲಲ್ಲ," ಎಂದ ಒಬ್ಬ ಆಳು. "ಬಟ್ಟೆ ಕೊಟ್ಟ ಕೂಡ್ಲೇ."

*

ಸುಕಂದಾನ ಮನೆ ಪೇಟೆಯ ಹಿಂದಿನ ಏರಿನಲ್ಲಿ, ಮೀನುಕೊಳದ ಆಚೆ. ಜೀಪು ಓಣಿಯಲ್ಲಿ ಹಿಡಿಸಲಿಲ್ಲ. ಇಮಾಸ್ ಕೊಳದ ಬದುವಿನ ಮೇಲೆ ಓಡಿದಳು.

ಮುದುಕ ಜಗಲಿಯ ಬಿದಿರು ಹಾಸಿನ ಮೇಲೆ, ಶುಕ್ರವಾರದ ನಮಾಜಿಗೆ ಹಾಕುವಂಥ ಒಗೆದ ಅಂಗಿ, ಕಪ್ಪು ಟೋಪಿ ಹಾಕಿಕೊಂಡು ಕೂತಿದ್ದ. ಮುಂದೆ ಎರಡು ಚಹಾದ ಲೋಟ. ಒಂದು ಖಾಲಿ.

"ಬಾ ನೆಂಗ್," ಎಂದ. ಮಗಳ ವಯಸ್ಸಿನವರನ್ನು ಕರೆಯುವ ಹಾಗೆ. "ಓಡ್ಬೇಡ, ಬದು ಜಾರತ್ತೆ. ಹುಡುಗನ್ನ ಮೇಲಕ್ಕೆ ತೆಗೆದ್ರಾ?"

"ಯಾವ ಹುಡುಗನ್ನ ಅಬಾ?"

"ಇದ್ರಿಸ್. ನನ್ನ ತಮ್ಮ. ಹಲ್ಲು ಚೆನ್ನಾಗಿತ್ತಲ್ವಾ? ಕಬ್ಬನ್ನ ಗಣ್ಣು ಸಮೇತ ಸಿಗೀತಿದ್ದ."

ಇಮಾಸ್ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಒಳಗಿನಿಂದ ಸದ್ದಿಲ್ಲ. ಅಡಿಗೆಮನೆಯ ಕಂಬದಲ್ಲಿ ಮಚ್ಚಿನ ಮರದ ಒರೆ ಖಾಲಿಯಾಗಿ ನೇತಾಡುತ್ತಿತ್ತು.

"ರೋಹೆತಿ ಎಲ್ಲಿ?"

"ಹೇಳ್ತೀನಿ. ಮೊದಲು ಇದನ್ನ ಬರ್ಕೋ. ದನುಗೆ ಕಷಾಯ ಕಾಯಿಸಿ ಕೊಟ್ಟೋನು ನಾನು. ಜೇಬಿಗೆ ಹಲಗೆ ಹಾಕಿದೋನೂ ನಾನು. ಪೊಲೀಸರು ಬರ್ದೆ ಆ ಪಾತಿ ಯಾರು ಅಗೀತಿದ್ರು? ನನ್ನ ತಮ್ಮನ್ನ ಹೊರಗೆ ತರ್ಬೇಕಿತ್ತು. ಹೊರಗೆ ತಂದ್ಬಿಟ್ಟೆ ನೀನು, ಅಲ್ಲಾ ನಿನ್ನ ಚೆನ್ನಾಗಿಟ್ಟಿರ್ಲಿ."

"ಯಾಕೆ ಕೊಂದ್ರಿ?"

"ಈ ಸಲದ ಲೆಬರಾನ್ ಹಬ್ಬಕ್ಕೆ ದನು ಬಂದ. ಎಲ್ಲರೂ ಎಲ್ಲರ ಹತ್ರ ಕ್ಷಮೆ ಕೇಳೋ ದಿನ ಅಲ್ವಾ. ಕೈ ಹಿಡ್ಕೊಂಡು ಅತ್ತ. ಎದೆನೋವು, ಜಾಸ್ತಿ ದಿನ ಇಲ್ಲ ಅಂದ. ಒಳಗಿದ್ದಿದ್ದನ್ನೆಲ್ಲ ಕಕ್ಕಿದ. ಇದ್ರಿಸ್ ನದೀಲಿ ಹೋದ ಅಂತ ನಾನು ನಂಬ್ಕೊಂಡಿದ್ದೆ ನೆಂಗ್. ನದೀಲಲ್ಲ. ಹೋರಾಟದಲ್ಲಿ ಕಾಲಿಗೆ ಗುಂಡು ಬಿದ್ದು ಆರ್ಕಿಡ್ ಚಪ್ಪರದಲ್ಲಿ ಅಡಗಿದ್ದ. ಅರ್ಸಿಮ್ ನಾಲ್ಕು ದಿನ ಅನ್ನ ಹಾಕ್ದ. ಐದನೇ ದಿನ ಸಿಪಾಯಿಗಳನ್ನ ಕೈಹಿಡಿದು ಕರ್ಕೊಂಡು ಬಂದ."

"ಅರ್ಸಿಮ್?"

"ಅರ್ಸಿಮೇ. ಕರಾವಳೀಲಿ ಅವನಿಗೆ ಇನ್ನೊಬ್ಬಳಿದ್ಲು. ಅಲ್ಲಿಗೆ ಹೋಗೋಕೆ ಡಚ್ಚರ ರಹದಾರಿ ಚೀಟಿ ಬೇಕಿತ್ತು. ನನ್ನ ತಮ್ಮನ್ನ ಕೊಟ್ಟು ಚೀಟಿ ತಗೊಂಡ. ದನು ಮರೆಯಲ್ಲಿ ನಿಂತು ಎಲ್ಲಾ ನೋಡ್ದ. ಬಾಯಿ ಮುಚ್ಕೊಂಡಿರೋಕೆ ಹೂ ಕೇಳ್ದ. ಆಮೇಲೆ ಯಾರೂ ಹುಡುಕಬಾರ್ದು ಅಂತ, ಹೂತಿರೋದು ಅರ್ಸಿಮನ್ನ ಅಂತ ಅವನ ಹೆಂಡತಿಗೆ ಹೇಳ್ದ. ಪಾಪ, ಆ ತಾಯಿ ಮಗಳು ನಲವತ್ತೊಂದು ವರ್ಷ ನನ್ನ ತಮ್ಮನಿಗೆ ನೀರು ಹಾಕಿದ್ರು."

ಮುದುಕ ತನ್ನ 'ಪಾಪ'ವನ್ನು ಬಾಯಲ್ಲಿ ಆಡಿಸಿ ರುಚಿ ನೋಡಿದಂತಿತ್ತು.

"ದನು ಕ್ಷಮಿಸು ಅಂದ. ಕ್ಷಮಿಸಿದೀನಿ ಅಂದೆ. ಹಬ್ಬದ ದಿನ ಇಲ್ಲ ಅನ್ನೋಕಾಗಲ್ಲ. ಹಬ್ಬ ಮುಗೀಲಿ ಅಂತ ಕಾದೆ."

"ಅರ್ಸಿಮ್ ಏನಾದ?"

"ಇದಾನೆ. ಎಂಬತ್ತು ವರ್ಷ. ಬೇರೆ ಹೆಸರು, ಮನೆ ತುಂಬ ಮೊಮ್ಮಕ್ಕಳು. ದಕ್ಷಿಣದ ಸಮುದ್ರದ ಕಡೆ ಒಂದು ಹಳ್ಳೀಲಿ. ದನು ಹೇಳಿದ ವಿಳಾಸ ಹಿಡ್ಕೊಂಡು ಹೋದ ತಿಂಗಳು ಬಸ್ಸಲ್ಲಿ ಹೋಗಿ ನೋಡ್ಕೊಂಡು ಬಂದೆ. ಗುರುತು ಹಿಡೀಲಿಲ್ಲ ನನ್ನನ್ನ. ದಾರಿಹೋಕ ಅಂತ ಎಳನೀರು ಕೆತ್ತಿಕೊಟ್ಟ. ಕುಡಿದೆ."

"ಅವನನ್ನ ಯಾಕೆ ಬಿಟ್ರಿ ಹಾಗಾದ್ರೆ?"

"ನನ್ನ ತಮ್ಮನ್ನ ಅವನು ತನ್ನ ಕೈಯಾರೆ ಕೊಂದ್ನಾ ನೆಂಗ್? ಇನ್ನೊಬ್ಬರ ಕೈಲಿ ಕೊಲ್ಲಿಸ್ದ. ಅವನಿಗೂ ಹಾಗೇ ಆಗ್ಲಿ ಅನ್ನಿಸ್ತು. ಅದಕ್ಕೆ ತಕ್ಕ ಕೈ ಬೇಕಲ್ಲ. ಇವತ್ತು ಬೆಳಿಗ್ಗೆ ತಾನಾಗೇ ಮನೆ ಬಾಗಿಲಿಗೆ ಬಂತು."

ಇಮಾಸ್ ಹಿಂದಕ್ಕೆ ತಿರುಗಿ ನೋಡಿದಳು. ಏರಿನ ಕೆಳಗೆ ಪೇಟೆಯ ಬಸ್ ನಿಲ್ದಾಣ ಕಾಣುತ್ತಿತ್ತು. ದಕ್ಷಿಣದ ಬಸ್ಸು ನಿಲ್ಲುವ ಜಾಗ ಖಾಲಿ.

"ಯಾವ ಹಳ್ಳಿ?"

ಸುಕಂದಾ ತನ್ನ ಲೋಟದ ಕೊನೆಯ ಗುಟುಕು ಕುಡಿದು, ಲೋಟವನ್ನು ತಟ್ಟೆಯ ಮೇಲೆ ಬೋರಲು ಹಾಕಿದ.

"ಅಬಾ, ಕಡಲತೀರದ ಉದ್ದಕ್ಕೂ ನೂರು ಹಳ್ಳಿ ಇವೆ. ಹೆಸರು ಹೇಳಿ. ಅವಳ ಕೈಲಿ ನಿಮ್ಮ ಮಚ್ಚಿದೆ. ಅವಳಿಗೇನು ಗೊತ್ತು? ಆ ಮನುಷ್ಯ ಅವಳಪ್ಪನೇ ಅಂತ ಅವಳಿಗೆ ಹೇಳಿದ್ದೀರಾ ಇಲ್ವಾ?"

ಮುದುಕ ಎರಡೂ ಕೈಗಳನ್ನು ಕೋಳಕ್ಕೆಂದು ಮುಂದೆ ಚಾಚಿದ. ಬೆರಳುಗಳು ನಡುಗುತ್ತಿದ್ದವು. ದನಿ ನಡುಗಲಿಲ್ಲ.

"'ನಿಮ್ಮಪ್ಪನ್ನ ನಿನ್ನಿಂದ ಕಿತ್ಕೊಂಡೋನು ಇನ್ನೂ ಬದುಕಿದಾನೆ, ಇಂಥಾ ಊರಲ್ಲಿದಾನೆ' ಅಂದೆ. ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ತೋರಿಸು ನೆಂಗ್."